ಅಂಗಳದ ತೋರಣ, ಅಂಗಡಿಯ ತೋರಣ

ಶಿರಸಿ, ಸಿದ್ದಾಪುರದ ಕಡೆ ಚೌತಿ ಬಂತೆಂದರೆ ಗಣಪತಿಯ ನೆತ್ತಿಯ ಮೇಲೆ ಫಲಾವಳಿ ತೂಗಬೇಕು. ಮರದ ಚೌಕಟ್ಟಿಗೆ ಹಸಿ ಅಡಿಕೆ ಗೊನೆ, ತೆಂಗಿನಕಾಯಿ, ಮೊಗೆಕಾಯಿ, ಹೀರೆ, ಮಾದಲಕಾಯಿ ಕಟ್ಟಿ, ಸಂದಿಗಳಲ್ಲಿ ಕಾಡಿನ ಕಾಯಿಗಳನ್ನೂ ಕೆಂಪು-ಹಳದಿ ಗೌರಿ ಹೂವನ್ನೂ ಬಾಳೆನಾರಿನಿಂದ ಬಿಗಿಯುತ್ತಾರೆ. ಇದರ ಮುಂದೆ ಪೇಟೆಯ ಮಿಣುಕು ಹಾಳೆ ಸಪ್ಪೆಯೇ. ಖರ್ಚು ಕಡಿಮೆ, ಹಬ್ಬ ಮುಗಿದ ಮೇಲೆ ತರಕಾರಿ ಅಡುಗೆಗೆ, ಉಳಿದದ್ದು ಗೊಬ್ಬರದ ಗುಂಡಿಗೆ. ಅಜ್ಜನ ಜೊತೆ ಬೆಟ್ಟ ಸುತ್ತಿದ ಮಕ್ಕಳಿಗೆ ಗಿಡಬಳ್ಳಿಗಳ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ನನಗೆ ಬಹಳ ಪ್ರಿಯವಾದದ್ದು ಈ ಕೊನೆಯದೇ.

ಆದರೆ ಕಾಡಿನಿಂದ ತಂದದ್ದೆಲ್ಲ ನಿರಪಾಯವಲ್ಲ. ಗೌರಿ ಹೂವಿನ ಬಳ್ಳಿಯಲ್ಲಿ, ಅದರಲ್ಲೂ ಗಡ್ಡೆಯಲ್ಲಿ, ಕಾಲ್ಚಿಸಿನ್ ಎಂಬ ವಿಷವಿದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಕೈಗೆಟುಕದಷ್ಟು ಎತ್ತರದಲ್ಲಿರಲಿ. ಅವಸರದಲ್ಲಿ ಬಳ್ಳಿಯನ್ನು ಗಡ್ಡೆ ಸಮೇತ ಕಿತ್ತರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಅದು ಚಿಗುರುವುದಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ಲೆಕ್ಕವೇ ಬೇರೆ. ಮಾವಿನ ಮರವಿಲ್ಲದವರು ಎಲೆಯನ್ನೂ ಕೊಳ್ಳಬೇಕು. ಆಯುಧಪೂಜೆಯ ಮರುದಿನ ಮಾರುಕಟ್ಟೆಯ ಸುತ್ತ ಬಾಳೆಕಂದು ರಾಶಿ ಬಿದ್ದು ಕೊಳೆಯುತ್ತದೆ, ಒಡೆದ ಬೂದುಗುಂಬಳದ ಮೇಲೆ ಬೈಕುಗಳು ಜಾರುತ್ತವೆ. ಎಷ್ಟೋ ಚೆಂಡುಹೂವಿನ ಹಾರಗಳ ಒಳಗಿರುವುದು ಪ್ಲಾಸ್ಟಿಕ್ ದಾರ. ಹೂ ಕರಗಿದರೂ ದಾರ ಉಳಿಯುತ್ತದೆ, ಕಸ ಮೇಯುವ ಹಸುವಿನ ಹೊಟ್ಟೆ ಸೇರುತ್ತದೆ. ಹಾಗೆಂದು ಹೂ ಕೊಳ್ಳಬೇಡಿ ಎನ್ನಲಾರೆ. ಕೋಲಾರ, ಚಿಕ್ಕಬಳ್ಳಾಪುರದ ಬೆಳೆಗಾರರು ಹಬ್ಬದ ನಾಲ್ಕು ದಿನದ ದರವನ್ನೇ ನೆಚ್ಚಿರುತ್ತಾರೆ. ದರ ಬಿದ್ದಾಗ ಹೂವನ್ನು ರಸ್ತೆಗೆ ಸುರಿದು ಬರಿಗೈಲಿ ಮರಳಿದ್ದೂ ಉಂಟು.

ಇನ್ನು ದುಡಿಮೆ. ಮನೆಯಲ್ಲೇ ಮಾಡೋಣ ಎಂದು ಎಲ್ಲರೂ ಹೇಳುತ್ತಾರೆ, ಕೂತು ಕಟ್ಟುವುದು ಹೆಚ್ಚಾಗಿ ಹೆಂಗಸರೇ. ರಾತ್ರಿ ಹೂ ಕಟ್ಟಿ, ನಸುಕಿಗೆ ಎದ್ದು ಕಡುಬಿಗೆ ಹಿಟ್ಟು ಕಲಸುವವರಿಗೆ, ವರ್ಷವರ್ಷವೂ ಒಗೆದು ಕಟ್ಟಬಹುದಾದ ಬಟ್ಟೆಯ ತೋರಣ ದೊಡ್ಡ ಆಸರೆ. ಅದನ್ನು ಕಡಿಮೆ ಭಕ್ತಿಯೆಂದು ಮೂಗು ಮುರಿಯುವುದು ಅನ್ಯಾಯ. ಥರ್ಮಾಕೋಲ್ ಮಂಟಪದ ಮಾತು ಬೇರೆ. ಅಲಂಕಾರಕ್ಕೆ ಅದನ್ನು ಬಳಸುವುದನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಅದರ ಪರ ನಾನು ವಾದಿಸಲಾರೆ.

ನನ್ನ ಮಟ್ಟಿಗೆ, ಹಿತ್ತಲಲ್ಲೋ ನೆರೆಮನೆಯಲ್ಲೋ ಕೇಳಿ ಕೊಯ್ಯಬಹುದಾದದ್ದು ಮೊದಲು, ಆಮೇಲೆ ಒಂದಿಷ್ಟು ಹೂ, ಉಳಿದದ್ದಕ್ಕೆ ಬಟ್ಟೆ. ಮಾವಿನಲ್ಲಿ ಕೆಂಪು ಚಿಗುರು ಬೇಡ, ಮಧ್ಯಾಹ್ನಕ್ಕೇ ಬಾಡುತ್ತದೆ. ಬಲಿತ ಕಡುಹಸಿರು ಎಲೆಯನ್ನು ಮಡಿಸಿ ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ, ಹತ್ತಿ ದಾರಕ್ಕೆ ಪೋಣಿಸಿದರೆ ಹಬ್ಬ ದಾಟುವವರೆಗೆ ನಿಲ್ಲುತ್ತದೆ. ಈ ಕೆಲಸಕ್ಕೆ ಮನೆಯ ಗಂಡಸರೂ ಕೂರಲಿ.