ನೌಕರಿ ಕಡಿತದ ಲೆಕ್ಕ ಯಾರ ಖಾತೆಗೆ?



ನಮ್ಮ ಸಂಘದ ಲೆಕ್ಕ ಬರೆಯುವವಳು ನಾನು. ಸಾಲದ ಅರ್ಜಿಯಲ್ಲಿ 'ಕಾರಣ' ಎಂಬ ಒಂದು ಸಾಲು ಇದೆ. ಹುಬ್ಬಳ್ಳಿಯ ನಮ್ಮ ಓಣಿಯ ಸಭೆಯಲ್ಲಿ ಒಬ್ಬ ಸದಸ್ಯೆ ಇಪ್ಪತ್ತು ಸಾವಿರ ಕೇಳಿದಳು. "ಕಾರಣ ಏನಂತ ಬರೀಲಿ?" ಎಂದೆ. "ಮನಿ ಖರ್ಚಿಗೆ ಅಂತ ಬರೀರಿ ಅಕ್ಕಾರ" ಎಂದಳು. ಬರೆದೆ. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳ ಮದುವೆಗೆ ತಂದೆ ಎರಡು ಎಕರೆ ಹೊಲ ಮಾರಿದ್ದ. ಹುಡುಗನಿಗೆ ಸರಕಾರಿ ನೌಕರಿ ಇದೆ, ಮಗಳು ಸುಖವಾಗಿರುತ್ತಾಳೆ ಎಂಬ ನಂಬಿಕೆ. ಮುಂದೆ ಆ ಸಂಸ್ಥೆ ಮಂದಿ ಕಡಿಮೆ ಮಾಡಲು ಹೊರಟಾಗ ಗಂಡ ಸ್ವಯಂ ನಿವೃತ್ತಿ ತೆಗೆದುಕೊಂಡ. ಕೈಗೆ ಬಂದ ಇಡಿಗಂಟು ಎಲ್ಲಿಗೆ ಹೋಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ಗಂಟು ಕರಗಿದ ಮೇಲೆ ಹೊಡೆತ ಶುರುವಾಯಿತು: "ತವರಿಗೆ ಹೋಗಿ ರೊಕ್ಕ ತಗೊಂಡು ಬಾ." ತವರಿನಲ್ಲಿ ಈಗ ಹೊಲವಿಲ್ಲ. ಆದ್ದರಿಂದ ಅವಳು ಸಂಘಕ್ಕೆ ಬಂದಳು. ಇದು ಮನೆ ಖರ್ಚಲ್ಲ, ವರದಕ್ಷಿಣೆಯ ಎರಡನೆಯ ಕಂತು. ಅದನ್ನು ನಾವು ನಮ್ಮ ಉಳಿತಾಯದಿಂದ ಕೊಟ್ಟೆವು!

1991ರಲ್ಲಿ ಹೊಸ ಆರ್ಥಿಕ ನೀತಿ ಬಂದಾಗಿನಿಂದ 'ಹೆಚ್ಚುವರಿ ಸಿಬ್ಬಂದಿ' ಎಂಬ ಮಾತು ಕೇಳುತ್ತಲೇ ಇದ್ದೇವೆ. 1992ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪಿಸಿತು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವುದೂ ಅದರ ಉದ್ದೇಶವಾಗಿತ್ತು; ಹಣದ ಬಹುಪಾಲು ಹೋದದ್ದು ಸ್ವಯಂ ನಿವೃತ್ತಿಗೆ. 2019ರ ಕೊನೆಯಲ್ಲಿ ಬಿಎಸ್‌ಎನ್‌ಎಲ್ 50 ದಾಟಿದ ನೌಕರರಿಗೆ ಅದೇ ಬಾಗಿಲು ತೋರಿಸಿತು. 2020ರ ಜನವರಿ 31ರಂದು ದೇಶದಾದ್ಯಂತ ಸುಮಾರು 78,000 ಮಂದಿ ಒಂದೇ ದಿನ ಹೊರನಡೆದರು. ಸರಕಾರದ ಲೆಕ್ಕದಲ್ಲಿ ನೌಕರರ ಸಂಖ್ಯೆ ಇದೆ, ಉಳಿದ ಪಗಾರದ ಮೊತ್ತ ಇದೆ. ಆ ಮನೆಗಳ ಹೆಣ್ಣುಮಕ್ಕಳು ಯಾವ ಲೆಕ್ಕದಲ್ಲಿದ್ದಾರೆ?

ಹುಬ್ಬಳ್ಳಿ-ಧಾರವಾಡ ಪಗಾರದ ಮೇಲೆ ನಿಂತ ಊರು. ರೈಲ್ವೆ, ಸಾರಿಗೆ ಸಂಸ್ಥೆ, ವಿಶ್ವವಿದ್ಯಾಲಯ, ಮಹಾನಗರ ಪಾಲಿಕೆ — ಇವುಗಳ ಪಗಾರವಾದರೆ ಕಿರಾಣಿ ಅಂಗಡಿಯ ಉದ್ರಿ ತೀರುತ್ತದೆ, ಸಂತೆಯಲ್ಲಿ ಕಾಯಿಪಲ್ಲೆ ಹೋಗುತ್ತದೆ. ಒಂದು ಕಾಯಂ ಹುದ್ದೆ ಹೋದರೆ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳ, ಬ್ಲೌಸ್ ಹೊಲಿಯುವವಳ, ಮನೆಗೆಲಸದವಳ ದುಡಿಮೆಗೂ ಪೆಟ್ಟು. ಇವರಿಗೆ ಯಾವ ಇಡಿಗಂಟೂ ಇಲ್ಲ.

ಸರಕಾರಿ ಹುದ್ದೆ ಕಡಿಮೆಯಾದರೆ ವರದಕ್ಷಿಣೆಯೂ ಕಡಿಮೆಯಾದೀತೆಂದು ಕೆಲವರು ತಿಳಿದಿದ್ದಾರೆ. ತಪ್ಪು. ಸಂತೆಯಲ್ಲಿ ಮಾಲು ಕಡಿಮೆಯಾದರೆ ದರ ಏರುತ್ತದೆ; ಕಾಯಂ ನೌಕರಿಯ ವರನ ದರವೂ ಹಾಗೆಯೇ. ಧಾರವಾಡದ ಕೋಚಿಂಗ್ ಕ್ಲಾಸುಗಳಲ್ಲಿ ಮಗನನ್ನು ವರ್ಷಗಟ್ಟಲೆ ಓದಿಸಿದ ಖರ್ಚನ್ನೂ ಹೆಣ್ಣಿನವರಿಂದಲೇ ವಸೂಲು ಮಾಡುತ್ತಾರೆ. ನೌಕರಿ ಸಿಕ್ಕರೂ ನಾವೇ ತೆರಬೇಕು, ಹೋದರೂ ನಾವೇ ತೆರಬೇಕು. ಇದೆಂಥ ನ್ಯಾಯ?

"ಕೆಲಸ ಹೋದ ಸಂಕಟದಾಗ ಕೈ ಎತ್ತತಾನ, ತಡಕೋ ಯವ್ವಾ" ಎನ್ನುತ್ತಾರೆ ಹಿರಿಯರು. ಸಂಕಟ ನಿಜ. ಆದರೆ ಆ ಕೈ ಆದೇಶಕ್ಕೆ ಸಹಿ ಮಾಡಿದ ಸಾಹೇಬನ ಮೇಲೆ ಏಳಲಿಲ್ಲ, ಹೆಂಡತಿಯ ಮೇಲೇ ಏಕೆ ಎದ್ದಿತು? ಗುತ್ತಿಗೆ ಕೆಲಸ ಕಳೆದುಕೊಂಡ ಹೆಣ್ಣು ಮನೆಗೆ ಬಂದು ಗಂಡನನ್ನು ಬಡಿಯುತ್ತಾಳೆಯೆ? ನಿರುದ್ಯೋಗ ಸಿಟ್ಟು ತರಬಹುದು; ಹೊಡೆಯುವ ಅಧಿಕಾರ ಕೊಟ್ಟದ್ದು ಪುರುಷ ಪ್ರಧಾನ ವ್ಯವಸ್ಥೆ.

ಕಡಿತದ ವಿರುದ್ಧ ಗೇಟಿನ ಮುಂದೆ ಘೋಷಣೆ ಕೂಗುವ ಕಾರ್ಮಿಕ ಸಂಘಗಳ ಜೊತೆ ನಾವೂ ನಿಲ್ಲುತ್ತೇವೆ. ಕಾಯಂ ಹುದ್ದೆ ಉಳಿಯಲೇಬೇಕು, ಅದರಲ್ಲಿ ಹೆಣ್ಣುಮಕ್ಕಳಿಗೂ ಪಾಲಿರಬೇಕು. ಆದರೆ ಅಣ್ಣಗಳಿರಾ, ನೌಕರ ವರದಕ್ಷಿಣೆ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳ 13-ಎ ಹೇಳುತ್ತದೆ. ಆ ನಿಯಮಕ್ಕಾಗಿ ನೀವು ಎಷ್ಟು ಸಲ ಗೇಟ್ ಸಭೆ ಕರೆದಿದ್ದೀರಿ?

ಕಾನೂನು ನಮ್ಮ ಕಡೆ ಇದೆ. ತವರಿನಿಂದ ಹಣ ತಾ ಎಂದು ಹೆಂಡತಿಯನ್ನು ಪೀಡಿಸುವುದು ಅಪರಾಧವೆಂದು 1983ರಲ್ಲಿ 498-ಎ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ. ಸ್ತ್ರೀಧನ ಕಸಿಯುವುದು, ಮನೆ ನಡೆಸಲು ಹಣ ಕೊಡದಿರುವುದು ಆರ್ಥಿಕ ದೌರ್ಜನ್ಯವೆಂದು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೇಳುತ್ತದೆ. ಆದರೆ ಕಾಯಿದೆ ತಾನಾಗಿ ಓಣಿಗೆ ನಡೆದು ಬರುವುದಿಲ್ಲ. ಕರೆದು ತರಬೇಕಾದವರು ನಾವು.

ನಮ್ಮ ಸಂಘ ಇನ್ನು ಮುಂದೆ ಇಂಥ ಸಾಲ ಕೊಡಬಾರದು ಎನ್ನುತ್ತೇನೆ ನಾನು. ಆದರೆ ಸಾಲ ಇಲ್ಲವೆಂದು ಹೇಳಿ ಅವಳೊಬ್ಬಳನ್ನೇ ಆ ಮನೆಗೆ ಕಳಿಸಿದರೆ ನಾವೂ ಹೊಡೆದವರ ಸಾಲಿಗೆ ಸೇರುತ್ತೇವೆ. ಸಾಲ ನಿರಾಕರಿಸಿದ ದಿನವೇ ಹತ್ತು ಜನ ಅವಳ ಜೊತೆ ಹೊಸ್ತಿಲ ತನಕ ಹೋಗಬೇಕು. ಇಡಿಗಂಟಿನ ಲೆಕ್ಕ ಕೇಳಬೇಕು. ಅವಳು ಒಪ್ಪಿದರೆ ಠಾಣೆಗೂ, ರಕ್ಷಣಾಧಿಕಾರಿಯ ಬಳಿಗೂ ಹೋಗಬೇಕು.

ಮುಂದಿನ ಸಭೆಯಲ್ಲಿ 'ಕಾರಣ' ಎಂಬ ಆ ಸಾಲಿನಲ್ಲಿ ನಿಜ ಬರೆಯೋಣ. ಸುಳ್ಳು ಬರೆದ ಕೈಗಳಲ್ಲಿ ನನ್ನದೂ ಒಂದು. ತಿದ್ದಿಕೊಳ್ಳುವ ಕೆಲಸವನ್ನು ನಾನೇ ಮೊದಲು ಮಾಡುತ್ತೇನೆ.