ತೂಕ ಸರಿ ಉಂಟು, ಹೊಟ್ಟೆಯ ಅಳತೆ ನೋಡಿದ್ದೀರಾ?

ಗಲ್ಫ್‌ನಿಂದ ರಜೆಯಲ್ಲಿ ಬಂದವರನ್ನು ಕಂಡ ಕೂಡಲೇ ನಾವು ಆಡುವ ಮೊದಲ ಮಾತು ಯಾವುದು? “ಎಂತ ಇಚ್ಚಾ, ಹೊಟ್ಟೆ ಬಂದಿದೆಯಲ್ಲ, ದುಬೈ ಒಳ್ಳೆ ಹಿಡಿಸಿದೆ.” ಅವರೂ ನಗುತ್ತಾರೆ, ನಾವೂ ನಗುತ್ತೇವೆ. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ. ಇದನ್ನು ನಾವು ಬರಕತ್ ಎಂದೇ ಎಣಿಸುವುದು.

ಕಳೆದ ವರ್ಷ ನಮ್ಮ ಮದ್ರಸದ ಮಗುವೊಂದರ ತಂದೆ ರಜೆ ಮುಗಿಸಿ ಹೊರಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ವಯಸ್ಸು ನಲವತ್ತು ದಾಟಿಲ್ಲ. ಶುಗರ್ 280 ಬಂತು. “ಉಸ್ತಾದ್, ನಾನು ದಪ್ಪ ಇಲ್ಲವಲ್ಲ. ಎತ್ತರ ಐದೂವರೆ ಅಡಿ, ತೂಕ 67 ಕೆ.ಜಿ. ಚಾರ್ಟಿನಲ್ಲಿ ನಾರ್ಮಲ್ ಅಂತ ಉಂಟು. ನನಗೆ ಹೇಗೆ ಬಂತು?” ಎಂದು ಕೇಳಿದರು. ಆಗ ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ವೈದ್ಯರಲ್ಲಿ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಏಕೆಂದರೆ ಆ ಪ್ರಶ್ನೆ ಅವರೊಬ್ಬರದ್ದಲ್ಲ.

ಎತ್ತರಕ್ಕೆ ತಕ್ಕ ತೂಕದ ಲೆಕ್ಕಕ್ಕೆ ಬಿಎಂಐ ಎನ್ನುತ್ತಾರೆ. ಅದು 25 ದಾಟಿದರೆ ತೂಕ ಹೆಚ್ಚು ಎಂಬುದು ಎಲ್ಲೆಡೆ ನೇತುಹಾಕಿದ ಚಾರ್ಟಿನ ಮಾತು. ಆದರೆ ಏಷ್ಯಾದವರಿಗೆ 23ರಿಂದಲೇ ಎಚ್ಚರಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರು 2004ರಲ್ಲೇ ಹೇಳಿದ್ದಾರೆ. ಐದೂವರೆ ಅಡಿ ಎತ್ತರದವರಿಗೆ ಹಳೆಯ ಚಾರ್ಟು ಸುಮಾರು 70 ಕೆ.ಜಿ.ವರೆಗೆ ಬಿಡುತ್ತದೆ. ನಮ್ಮ ಲೆಕ್ಕದಲ್ಲಿ 65ಕ್ಕೇ ಗಂಟೆ ಬಾರಿಸಬೇಕು. ಆ ತಂದೆಯ 67 ಕೆ.ಜಿ. ಇದರ ನಡುವೆಯೇ ಸಿಕ್ಕಿಬಿದ್ದದ್ದು.

ಕಾರಣ ಎಂತ? ಕೊಬ್ಬು ಎಷ್ಟು ಉಂಟು ಎನ್ನುವುದರಷ್ಟೇ, ಎಲ್ಲಿ ಉಂಟು ಎನ್ನುವುದೂ ಮುಖ್ಯ. ಚರ್ಮದ ಕೆಳಗೆ, ತೊಡೆಯಲ್ಲಿ, ನಿತಂಬದಲ್ಲಿ ಕೂತ ಕೊಬ್ಬು ಅಷ್ಟು ಉಪದ್ರ ಕೊಡುವುದಿಲ್ಲ. ಹೊಟ್ಟೆಯ ಒಳಗೆ ಕರುಳು, ಲಿವರ್ ಸುತ್ತ ತುಂಬಿದ ಕೊಬ್ಬು ಹಾಗಲ್ಲ. ಅದು ನೇರ ಲಿವರಿಗೆ ಹರಿಯುತ್ತದೆ, ಇನ್ಸುಲಿನ್‌ನ ಕೆಲಸ ಕೆಡಿಸುತ್ತದೆ. ಶುಗರ್, ಹೃದಯದ ಕಾಯಿಲೆ ಎರಡಕ್ಕೂ ಅಲ್ಲೇ ದಾರಿ. ಈ ಹಂಚಿಕೆ ಎಲ್ಲ ಜನರಲ್ಲೂ ಒಂದೇ ರೀತಿ ಇಲ್ಲ. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಅದೇ ದಪ್ಪದ ಬಿಳಿಯರಿಗಿಂತ ಈ ಒಳಕೊಬ್ಬು ಕಡಿಮೆ. ನಮ್ಮ ಉಪಖಂಡದವರಲ್ಲಿ ಹೆಚ್ಚು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು ತಮ್ಮದೇ ಫೋಟೊವನ್ನು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತಕ್ಕಡಿಗೆ ಇಬ್ಬರೂ ಒಂದೇ, ಒಳಗೆ ನೋಡಿದರೆ ಎರಡು ಪಟ್ಟು ಹೆಚ್ಚು!

“ನಮ್ಮ ಹಿರಿಯರು ಅರಬ್ ದೇಶದಿಂದ ಬಂದವರು, ಇದು ನಮಗಲ್ಲ” ಎನ್ನುವ ಕಾಕಂದಿರೂ ನಮ್ಮಲ್ಲಿದ್ದಾರೆ. ಲಂಡನ್ನಿಗೆ ವಲಸೆ ಹೋದ ನಮ್ಮ ಉಪಖಂಡದವರ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಅಲ್ಲಿನ ಬಿಳಿಯರಿಗಿಂತ ಅವರಲ್ಲಿ ಸಕ್ಕರೆ ಕಾಯಿಲೆ ಹಲವು ಪಟ್ಟು ಹೆಚ್ಚಿತ್ತು, ಹೊಟ್ಟೆಯ ಬೊಜ್ಜೂ ಹೆಚ್ಚಿತ್ತು. ಸಿಖ್ಖರು, ಹಿಂದೂಗಳು, ಮುಸ್ಲಿಮರು ಎಲ್ಲರದ್ದೂ ಒಂದೇ ಕಥೆ. ಹೊಟ್ಟೆ ಜಾತಿ–ವಂಶ ಕೇಳುವುದಿಲ್ಲ ಮಾರಾಯ್ರೆ.

ಊರಿನ ಲೆಕ್ಕವೂ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಂತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಹೊಟ್ಟೆಯ ಬೊಜ್ಜು ಇರುವವರು ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ವರು.

ಹಾಗಾದರೆ ಇದು ಹಣೆಬರಹವೇ? ಅಲ್ಲ. ಪುಣೆ ಸಮೀಪದ ಹಳ್ಳಿಗಳ ನವಜಾತ ಶಿಶುಗಳನ್ನು ಯಾಜ್ಞಿಕ್ ಮತ್ತವರ ಸಂಗಡಿಗರು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿದರು. ಅಲ್ಲಿನ ಮಗು ಸರಾಸರಿ 3.5 ಕೆ.ಜಿ., ಇಲ್ಲಿನದ್ದು 2.7 ಕೆ.ಜಿ. ನಮ್ಮ ಮಗುವಿನಲ್ಲಿ ಮಾಂಸ ಬಹಳ ಕಡಿಮೆ, ಕೊಬ್ಬು ಮಾತ್ರ ಅಷ್ಟು ಇಳಿದಿರಲಿಲ್ಲ. ಬಸುರಿಯಲ್ಲಿ ತಾಯಿಗೆ ಸಿಗುವ ಪೋಷಣೆಗೂ ಇದಕ್ಕೂ ಸಂಬಂಧ ಉಂಟು ಎಂಬುದು ಅವರ ವಾದ. ಹಾಗಾಗಿ ನಾವು ಹೇಳುವುದು ಇಷ್ಟೆ: ಗಂಡಸರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಮನೆಯ ಹೆಣ್ಣುಮಕ್ಕಳ ಪಾಲು ಎಂಬ ಕ್ರಮ ನಿಲ್ಲಬೇಕು. ಮೀನು, ಮೊಟ್ಟೆ, ಬೇಳೆ, ಸೊಪ್ಪು ಮೊದಲು ಅವರ ತಟ್ಟೆಗೆ ಬೀಳಲಿ.

ಇನ್ನೊಂದು ಮಾತು. ಹೆಣ್ಣು ನೋಡಲು ಹೋದಾಗ “ಹುಡುಗಿ ಸ್ವಲ್ಪ ದಪ್ಪ” ಎಂದು ಪಿಸುಗುಟ್ಟುತ್ತೇವೆ. ಎಷ್ಟೋ ಸಂಬಂಧ ಅಲ್ಲೇ ಮುರಿದದ್ದುಂಟು. ಹುಡುಗನ ಹೊಟ್ಟೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವೈದ್ಯರ ಲೆಕ್ಕದಲ್ಲಿ ತೊಡೆ–ಸೊಂಟ ತುಂಬಿದ ಹುಡುಗಿಗಿಂತ, ಹೊಟ್ಟೆ ಮಾತ್ರ ಉಬ್ಬಿದ ತೆಳ್ಳಗಿನ ಹುಡುಗನಿಗೇ ಅಪಾಯ ಹೆಚ್ಚು ಇರಬಹುದು. ನಾವು ನಾಚಿಕೆಪಡಿಸುವುದು ಒಬ್ಬರನ್ನು, ಕಾಯಿಲೆ ಬರುವುದು ಇನ್ನೊಬ್ಬರಿಗೆ. ಯಾರ ಮೈಯನ್ನೂ ಹಾಸ್ಯ ಮಾಡುವುದು ಬೇಡ.

ಅಳೆಯುವುದು ಸುಲಭ. ಟೈಲರನ ಟೇಪು ಸಾಕು. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಎಲುಬಿನ ತುದಿ, ಇವೆರಡರ ನಡುಮಧ್ಯೆ ಟೇಪು ಸುತ್ತಬೇಕು. ಹೊಟ್ಟೆ ಒಳಗೆ ಎಳೆಯಬಾರದು, ಸಹಜವಾಗಿ ಉಸಿರು ಬಿಟ್ಟು ನೋಡಬೇಕು. ಗಂಡಸರಿಗೆ 90 ಸೆಂ.ಮೀ., ಅಂದರೆ ಮೂವತ್ತೈದೂವರೆ ಇಂಚು. ಹೆಂಗಸರಿಗೆ 80 ಸೆಂ.ಮೀ., ಮೂವತ್ತೊಂದೂವರೆ ಇಂಚು. ಇದು ನಮ್ಮವರ ಗಡಿ. ಯುರೋಪಿನ ಗಂಡಸರಿಗೆ 94ರವರೆಗೆ ರಿಯಾಯಿತಿ ಉಂಟು, ನಮಗಿಲ್ಲ. “ನನ್ನ ಪ್ಯಾಂಟು ಮೂವತ್ತನಾಲ್ಕು” ಎನ್ನಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಮುಂಡು ಉಡುವವರಿಗಂತೂ ಗೊತ್ತೇ ಆಗುವುದಿಲ್ಲ, ಹೊಟ್ಟೆ ಬೆಳೆದ ಹಾಗೆ ಅದೂ ಸಡಿಲವಾಗುತ್ತಾ ಹೋಗುತ್ತದೆ. ಮನೆಯ ಮ್ಯಾಕ್ಸಿಯದ್ದೂ ಅದೇ ಗುಣ.

ಗಡಿ ದಾಟಿದ್ದರೆ ತೆಳ್ಳಗಿದ್ದೇನೆ ಎಂದು ಕೂರದೆ ಶುಗರ್ ಪರೀಕ್ಷೆ ಮಾಡಿಸಿ. ನೈಚೋರು, ಬಿರಿಯಾನಿ ಬಿಡಿ ಎಂದು ನಾವು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಎರಡನೇ ಸಲ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿಯಬಹುದು. ಸಕ್ಕರೆ ಚಾಯ ನಾಲ್ಕರ ಬದಲು ಒಂದು ಮಾಡಬಹುದು. ಮಸೀದಿಗೆ ಬೈಕು ಬಿಟ್ಟು ನಡೆದು ಬರಬಹುದು.

ಜಮಾಅತ್ ಕಮಿಟಿಯವರಲ್ಲಿ ನಮ್ಮದೊಂದು ವಿನಂತಿ. ಆರೋಗ್ಯ ಶಿಬಿರ ಇಡುವಾಗ ತೂಕದ ಮೆಷಿನ್, ಬಿ.ಪಿ. ಮೆಷಿನ್ ಜೊತೆ ಒಂದು ಟೇಪನ್ನೂ ಇಡಿ. ಹೆಂಗಸರಿಗೆ ಪ್ರತ್ಯೇಕ ಕೋಣೆ, ಅಳೆಯಲು ನರ್ಸ್ ಇರಲಿ. ಆ ಮಗುವಿನ ತಂದೆ ಈಗ ಮಾತ್ರೆ ತೆಗೆದುಕೊಳ್ಳುತ್ತಾ ದುಬೈಯಲ್ಲೇ ಇದ್ದಾರೆ, ದಿನಾ ರಾತ್ರಿ ನಡೆಯುತ್ತಾರಂತೆ. ಮೊನ್ನೆ ಫೋನಿನಲ್ಲಿ, “ಮೂರು ಇಂಚು ಇಳಿಯಿತು ಉಸ್ತಾದ್” ಎಂದರು. ಈ ಸಲ ಅವರು ಊರಿಗೆ ಬಂದಾಗ, “ಬಡವಾಗಿದ್ದೀರಲ್ಲ” ಎಂದು ಯಾರೂ ಬೇಸರ ಮಾಡದಿದ್ದರೆ ಸಾಕು.