ಆಂಟಿವೈರಸ್ ಚಂದಾ: ಕೊಳ್ಳುವುದು ಸುಲಭ, ಬಿಡುವುದೇಕೆ ಕಷ್ಟ?

ಹಾಲಿನ ವರ್ತನೆಯೆಂದರೇನೆಂಬುದನ್ನು ಕೋಲಾರ ಸೀಮೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ದಿನಕ್ಕೆ ಇಷ್ಟು ಹಾಲೆಂದು ಗೊತ್ತುಮಾಡಿಕೊಂಡು ತಿಂಗಳ ಕೊನೆಗೆ ಲೆಕ್ಕ ತೀರಿಸುವುದು. ಬೇಡವಾದ ದಿನ 'ನಾಳೆಯಿಂದ ಬೇಡಮ್ಮ' ಎಂದರೆ ವರ್ತನೆ ಅಲ್ಲಿಗೆ ಮುಗಿಯಿತು. ಹಾಲು ಕೊಡುವಾಕೆ ಕಾರಣ ಕೇಳಿಯಾಳು, ಮುಖ ಸಪ್ಪಗೆ ಮಾಡಿಕೊಂಡಾಳು. ಆದರೆ ಮರುದಿನವೂ ಹಾಲು ಸುರಿದು, ನಮ್ಮ ಪೆಟ್ಟಿಗೆಯಿಂದ ತಾನೇ ಹಣ ತೆಗೆದುಕೊಂಡು ಹೋಗಲಾರಳು.

ಈ ಸೀಮೆಯ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಇಂದು ಐಫೋನುಗಳ ಜೋಡಣೆ ನಡೆಯುತ್ತಿದೆ. ತೈವಾನಿನ ವಿಸ್ಟ್ರಾನ್ ಕಂಪೆನಿ ಸ್ಥಾಪಿಸಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಸಮೂಹವು ಕೊಂಡುಕೊಂಡಿತು. ಅಂಥ ಊರಿನಲ್ಲಿ ದುಡಿಯುವ ಅಕ್ಕನೊಬ್ಬಳು ಸಂಬಳದಲ್ಲಿ ಉಳಿಸಿ, ಕಾಲೇಜಿಗೆ ಹೋಗುವ ತಮ್ಮನಿಗೆ ಲ್ಯಾಪ್‌ಟಾಪ್ ಕೊಡಿಸಿದಳೆಂದು ಭಾವಿಸೋಣ. ಎಷ್ಟೋ ವೇಳೆ ಅದರೊಡನೆ ಕರೆಯದೆ ಬರುವ ಅತಿಥಿಯೊಬ್ಬನುಂಟು. ಕೆಲವು ದಿನಗಳ ಮಟ್ಟಿಗೆ ಉಚಿತವಾದ ಆಂಟಿವೈರಸ್ ತಂತ್ರಾಂಶವೇ ಅದು. ಗಡುವು ಮುಗಿದೊಡನೆ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರಗಳು ಮೂಡುತ್ತವೆ: 'ನಿಮ್ಮ ಗಣಕ ಅಪಾಯದಲ್ಲಿದೆ.' ಹುಡುಗನು ಹೆದರಿ ಅಕ್ಕನ ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ಕೊಡುತ್ತಾನೆ. ವರ್ಷ ಕಳೆದ ಮೇಲೆ ಯಾರೂ ಏನನ್ನೂ ಒತ್ತದಿದ್ದರೂ ಮತ್ತೊಮ್ಮೆ ಹಣ ಹೋಗುತ್ತದೆ. ಮೊದಲ ವರ್ಷದ ರಿಯಾಯಿತಿ ಎರಡನೆಯ ವರ್ಷಕ್ಕೆ ಇರುವುದು ಅಪರೂಪ. ಚಂದಾ ನಿಲ್ಲಿಸಲು ಹೊರಟರೆ ಪುಟದಿಂದ ಪುಟಕ್ಕೆ ಅಲೆದಾಟ, 'ನಿಜವಾಗಿಯೂ ರಕ್ಷಣೆ ಬೇಡವೇ?' ಎಂಬ ಪ್ರಶ್ನೆಗಳ ಸರಮಾಲೆ. ಇದು ವರ್ತನೆಯ ಧರ್ಮವಲ್ಲ. ಕೊಂಡಷ್ಟೇ ಸುಲಭವಾಗಿ ಬಿಡಲು ಬರಬೇಕೆಂಬುದು ನಮ್ಮ ವಾದ.

ಆಂಟಿವೈರಸ್ಸಿಗೆ ಚಂದಾ ಏಕೆ ಬೇಕಾಯಿತೆಂಬುದನ್ನು ಮೊದಲು ತಿಳಿಯುವುದು ನ್ಯಾಯ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ರಚಿಸಿದ 'ಬ್ರೇನ್' ಎಂಬ ವೈರಸ್ ಫ್ಲಾಪಿ ತಟ್ಟೆಗಳ ಮೂಲಕ ದೇಶದಿಂದ ದೇಶಕ್ಕೆ ಹರಡಿತು. ಅಂಥವನ್ನು ಹಿಡಿಯಲು ಹುಟ್ಟಿದ ತಂತ್ರಾಂಶಗಳ ವಿಧಾನ ಸರಳವಾದುದು. ಪ್ರತಿಯೊಂದು ವೈರಸ್ಸಿನ ಸಂಕೇತದಲ್ಲಿ ಅದಕ್ಕೇ ವಿಶಿಷ್ಟವಾದ ಒಂದು ತುಣುಕಿರುತ್ತದೆ. ಆ ತುಣುಕನ್ನು ಗುರುತಾಗಿ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಗಣಕದ ಕಡತಗಳನ್ನು ಅದರೊಡನೆ ಹೋಲಿಸಿ ನೋಡುವುದು. ಪೊಲೀಸ್ ಠಾಣೆಯಲ್ಲಿ ಕಳ್ಳರ ಬೆರಳಚ್ಚುಗಳನ್ನು ಇಟ್ಟುಕೊಂಡಂತೆ. ಹೊಸ ಕಳ್ಳನ ಬೆರಳಚ್ಚು ಹಳೆಯ ಪಟ್ಟಿಯಲ್ಲಿ ಇರಲಾರದಷ್ಟೆ. ಆದುದರಿಂದ ಪಟ್ಟಿ ನಿತ್ಯವೂ ಹೊಸದಾಗಬೇಕು, ಅದಕ್ಕೆ ನುರಿತವರು ದುಡಿಯಬೇಕು, ಅವರಿಗೆ ಸಂಬಳ ಸಲ್ಲಬೇಕು. ವರ್ಷ ವರ್ಷವೂ ಹಣ ಕೇಳುವುದರಲ್ಲಿ ಆಗ ಅನ್ಯಾಯವೇನೂ ಇರಲಿಲ್ಲ. ಈಗಿನ ತಂತ್ರಾಂಶಗಳು ಗುರುತಿನ ಜೊತೆಗೆ ನಡತೆಯನ್ನೂ ಗಮನಿಸುತ್ತವೆ: ಒಂದು ಕಾರ್ಯಕ್ರಮವು ಇದ್ದಕ್ಕಿದ್ದಂತೆ ನೂರಾರು ಕಡತಗಳನ್ನು ಗೂಢಲಿಪಿಗೆ ತಿರುಗಿಸತೊಡಗಿದರೆ ಅದನ್ನು ತಡೆಯುತ್ತವೆ.

ಆದರೆ ಕಾಲ ಬದಲಾಗಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲ್ಗೊಂಡು ಮೈಕ್ರೋಸಾಫ್ಟ್ ಕಂಪೆನಿಯು ಡಿಫೆಂಡರ್ ಎಂಬ ಆಂಟಿವೈರಸ್ಸನ್ನು ತನ್ನ ವ್ಯವಸ್ಥೆಯೊಳಗೇ ಸೇರಿಸಿಕೊಡುತ್ತಿದೆ. ಅದಕ್ಕೆ ಪ್ರತ್ಯೇಕ ಚಂದಾ ಇಲ್ಲ. ಬೇರೊಂದು ಆಂಟಿವೈರಸ್ಸನ್ನು ಹಾಕಿದಾಗ ಅದು ತಾನಾಗಿ ಹಿಂದೆ ಸರಿಯುತ್ತದೆ. ಅದನ್ನು ತೆಗೆದುಹಾಕಿದಾಗ ಮತ್ತೆ ಕಾವಲಿಗೆ ನಿಲ್ಲುತ್ತದೆ. ಚಂದಾ ನಿಲ್ಲಿಸಿದ ಕ್ಷಣವೇ ಮನೆಯ ಬಾಗಿಲು ಹಾರು ಹೊಡೆದುಬಿಡುವುದೆಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ. ನರಸಾಪುರದಲ್ಲಿ ಜೋಡಿಸುವ ಫೋನಿನ ವಿಷಯವಂತೂ ಇನ್ನೂ ಬೇರೆ. ಐಫೋನಿನಲ್ಲಿ ಒಂದೊಂದು ಆ್ಯಪಿಗೂ ಒಂದೊಂದು ಕೋಣೆ; ಒಂದು ಮತ್ತೊಂದರೊಳಗೆ ಇಣುಕಲಾರದು. ಹಾಗಿರುವಾಗ ಆಂಟಿವೈರಸ್ ಎಂಬ ಹೆಸರಿನ ಆ್ಯಪು ಕೂಡ ಪಕ್ಕದ ಕೋಣೆಯನ್ನು ತಪಾಸಣೆ ಮಾಡುವುದೆಂತು?

ಹಣ ಕೊಟ್ಟು ಕೊಳ್ಳುವ ಆಂಟಿವೈರಸ್ ಯಾರಿಗೂ ಬೇಡವೆಂದು ನಾವು ಹೇಳುವುದಿಲ್ಲ. ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್‌ಗಳನ್ನು ಚುಚ್ಚಿಕೊಳ್ಳುವ ಜೆರಾಕ್ಸ್ ಅಂಗಡಿಗೆ, ಅನೇಕ ಗಣಕಗಳನ್ನು ಒಂದೆಡೆಯಿಂದ ನೋಡಿಕೊಳ್ಳಬೇಕಾದ ಕಚೇರಿಗೆ ಅದು ಬೇಕಾಗಬಹುದು. ಪಾಠದ ಟಿಪ್ಪಣಿ ಬರೆಯುವ, ಅರ್ಜಿ ತುಂಬುವ ವಿದ್ಯಾರ್ಥಿಗೆ ಅದಕ್ಕಿಂತ ಮುಖ್ಯವಾದುದು ವ್ಯವಸ್ಥೆಯನ್ನು ಕಾಲಕಾಲಕ್ಕೆ ಪರಿಷ್ಕರಿಸಿಕೊಳ್ಳುವುದು, ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಅದನ್ನು ಇನ್ನೂ ಬಳಸುವವರು ಆಂಟಿವೈರಸ್ಸಿಗಿಂತ ಮೊದಲು ಈ ವಿಷಯವನ್ನು ಚಿಂತಿಸಬೇಕು. ಗಣಕಕ್ಕೆ ಸೋಂಕು ತಗುಲಿದೆಯೆಂಬ ಅನುಮಾನವಿದ್ದರೆ, ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಶುಚಿಗೊಳಿಸುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ.

ಹಣ ಪಡೆದ ಕಾವಲುಗಾರನು ಹೆಚ್ಚು ನಂಬಿಗಸ್ತನೆಂಬ ಭಾವನೆಯೂ ಉಂಟು. 2024ರಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು, ಅವಾಸ್ಟ್ ಎಂಬ ಪ್ರಸಿದ್ಧ ಆಂಟಿವೈರಸ್ ಕಂಪೆನಿಯು ಬಳಕೆದಾರರ ಜಾಲಸಂಚಾರದ ವಿವರಗಳನ್ನು ಕಲೆಹಾಕಿ ಮಾರಿತೆಂದು ಆರೋಪಿಸಿತು. ಕಂಪೆನಿಯು 1 ಕೋಟಿ 65 ಲಕ್ಷ ಡಾಲರ್ ಕೊಡಲು ಒಪ್ಪಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ನೆನಪಾಗದಿರುವುದೆಂತು!

ಇನ್ನು ಚಂದಾ ನಿಲ್ಲಿಸುವ ವಿಚಾರ. ಇಲ್ಲಿ ಬಿಚ್ಚಬೇಕಾದ ಗಂಟುಗಳು ಮೂರು. ಒಂದನ್ನು ಬಿಚ್ಚಿದರೆ ಉಳಿದೆರಡು ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ಗಣಕದಿಂದ ತಂತ್ರಾಂಶವನ್ನು ಅಳಿಸಿದ ಮಾತ್ರಕ್ಕೆ ಚಂದಾ ಅಳಿಯದು. ಬಹುಮಂದಿ ಎಡವುವುದು ಇಲ್ಲಿಯೇ. ಮಾರಿದ ಕಂಪೆನಿಯ ಖಾತೆಗೆ ಹೋಗಿ 'ತಾನಾಗಿ ನವೀಕರಣ' ಎಂಬುದನ್ನು ರದ್ದುಪಡಿಸಬೇಕು. ಫೋನಿನ ಆ್ಯಪ್ ಅಂಗಡಿಯ ಮೂಲಕ ಕೊಂಡಿದ್ದರೆ ಆ ಅಂಗಡಿಯ ಚಂದಾ ಪಟ್ಟಿಯಲ್ಲಿ ರದ್ದುಪಡಿಸಬೇಕು. ಮೂರನೆಯದು ಬ್ಯಾಂಕಿಗೆ ನಾವು ಕೊಟ್ಟಿರುವ ಅನುಮತಿ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ, 2021ರ ಅಕ್ಟೋಬರ್ 1ರಿಂದ ಇಂಥ ಮರುಕಳಿಸುವ ಪಾವತಿಗೆ ಕನಿಷ್ಠ 24 ಗಂಟೆಗಳ ಮೊದಲು ಬ್ಯಾಂಕು ಗ್ರಾಹಕನಿಗೆ ಸೂಚನೆ ಕಳುಹಿಸಬೇಕು, ಆ ಪಾವತಿಯಿಂದ ಹೊರಗುಳಿಯಲು ಅವಕಾಶವನ್ನೂ ಕೊಡಬೇಕು. ಯುಪಿಐ ಮೂಲಕ ಕೊಟ್ಟ ಅನುಮತಿಯನ್ನು ಆ ಆ್ಯಪಿನಲ್ಲಿಯೇ ಹಿಂತೆಗೆದುಕೊಳ್ಳಬಹುದು. ನೂರಾರು ಜಾಹೀರಾತು ಸಂದೇಶಗಳ ನಡುವೆ ಬಂದ ಆ ಒಂದು ಸೂಚನೆಯನ್ನು ಓದದೆ ಬಿಟ್ಟರೆ ನಿಯಮದಿಂದ ಪ್ರಯೋಜನವಾಗದು.

ತಾನಾಗಿ ನವೀಕರಣವಾಗದಿದ್ದರೆ ಮರೆಗುಳಿಗಳು ರಕ್ಷಣೆಯಿಲ್ಲದೆ ಉಳಿಯುವರೆಂದು ಕಂಪೆನಿಗಳು ವಾದಿಸಬಹುದು. ವಾದದಲ್ಲಿ ತಿರುಳಿದೆ. ಆದರೆ ಮರೆಗುಳಿಯ ಹಿತವೇ ಉದ್ದೇಶವಾದರೆ, ದರವನ್ನೂ ದಿನಾಂಕವನ್ನೂ ಅವನ ಕಣ್ಣಿಗೆ ಬೀಳುವಂತೆ ತಿಳಿಸಲು ಅಡ್ಡಿಯೇನು? 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಈ ಪ್ರಶ್ನೆಯನ್ನೇ ಎತ್ತಿದರು. ಸ್ಪಷ್ಟವಾಗಿ ತಿಳಿಸದೆ ಚಂದಾ ನವೀಕರಿಸಿದ ಆಕ್ಷೇಪದ ಮೇಲೆ ಮ್ಯಾಕಫೀ ಮತ್ತು ಸಿಮ್ಯಾಂಟೆಕ್ ಕಂಪೆನಿಗಳು ತಲಾ 3,75,000 ಡಾಲರ್ ತೆತ್ತು ರಾಜಿಯಾದವು. ನಮ್ಮ ದೇಶದಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿದೆ. ರದ್ದತಿಯನ್ನು ಅಸಾಧ್ಯವಾಗಿಯೋ ಜಟಿಲವಾಗಿಯೋ ಮಾಡುವ ಚಂದಾ ಬಲೆ ಅವುಗಳಲ್ಲೊಂದು. ಗಣಕದಲ್ಲಿ ವೈರಸ್ ಇದೆಯೆಂದು ಸುಳ್ಳೇ ಹೆದರಿಸಿ ಹಣ ಕೀಳುವುದು ಮತ್ತೊಂದು.

ಕಂಪೆನಿಯ ಹೆಸರು ಹೇಳಿಕೊಂಡು ಬರುವ ಕಳ್ಳರೂ ಇದ್ದಾರೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 'ನಿಮ್ಮ ಆಂಟಿವೈರಸ್ ಚಂದಾ ನವೀಕರಣವಾಗಿದೆ, ಇಷ್ಟು ಸಾವಿರ ರೂಪಾಯಿ ಕಡಿತವಾಗಿದೆ, ಬೇಡವಾದರೆ ಈ ಸಂಖ್ಯೆಗೆ ಕರೆಮಾಡಿ' ಎಂಬ ಪತ್ರ ಬರುತ್ತದೆ. ಕರೆಮಾಡಿದವನ ಗಣಕವನ್ನು ದೂರದಿಂದಲೇ ವಶಪಡಿಸಿಕೊಂಡು, ಹಣ ಮರಳಿಸುವ ನೆಪದಲ್ಲಿ ಬ್ಯಾಂಕ್ ಖಾತೆಗೆ ಕೈಹಾಕುತ್ತಾರೆ. ರದ್ದುಮಾಡುವುದು ಕಷ್ಟವೆಂಬ ಜನರ ಅನುಭವವೇ ಈ ವಂಚಕರ ಬಂಡವಾಳ. ಇಂಥ ಪತ್ರದಲ್ಲಿರುವ ಸಂಖ್ಯೆಗೆ ಕರೆಮಾಡದೆ, ಬ್ಯಾಂಕಿನ ಲೆಕ್ಕವನ್ನು ತೆರೆದು ಹಣ ನಿಜವಾಗಿ ಹೋಗಿದೆಯೇ ಎಂದು ನೋಡಬೇಕು. ವಂಚನೆ ನಡೆದೇಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಕಂಪೆನಿಯೇ ನವೀಕರಣದ ಹಣ ಹಿಡಿದು ಮರಳಿಸದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಮಾರಾಟಗಾರನ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬಯಿಯಲ್ಲಿರಲಿ, ನರಸಾಪುರದವರಿಗೆ ಕೋಲಾರದ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದ ದೂರಿಗೆ ಅಲ್ಲಿ ಶುಲ್ಕವಿಲ್ಲ.